ರಾಜನ ಕುದುರೆನಡೆ

ಹೊಸ ವಾರ್ನಿಷ್ಷಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಮಲಾಡಿನ ನಮ್ಮ ಕನ್ನಡ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಶಾಲೆಗಳ ನಡುವಿನ ಚದುರಂಗ ಪಂದ್ಯಕ್ಕೆ ನಮ್ಮ ತಂಡ ಮೊದಲ ಸಲ ಹೊರಡುವುದಿತ್ತು. ಆಯ್ಕೆಗೆ ಬಂದ ಹುಡುಗಿ ನಾನೊಬ್ಬಳೇ. ಹೊಸದಾಗಿ ವಾರ್ನಿಷ್ ಬಳಿದ ಬೆಂಚಿಗೆ ನನ್ನ ಲಂಗ ಅಂಟಿಕೊಳ್ಳುತ್ತಿತ್ತು. ನನಗೆ ಆಟ ಕಲಿಸಿದವಳು ಧಾರವಾಡದಿಂದ ಚಾಳಿನ ನಮ್ಮ ಮನೆಗೆ ಬಂದಿದ್ದ ನನ್ನ ಅಜ್ಜಿ. ಅವಳು ಕಲಿಸಿದಂತೆಯೇ, ಎದುರಾಳಿಯ ಆನೆ ಮೇಲೇರಿ ಬರುವ ಮೊದಲು ನನ್ನ ರಾಜನನ್ನು ಕುದುರೆಯ ಹಾಗೆ ಹಾರಿಸಿದೆ.

“ಸರ್, ಇವಳು ಮೋಸ ಮಾಡ್ತಾಳೆ!” ಎಂದು ಎದುರಿಗಿದ್ದ ಹುಡುಗ ಕೂಗಿದ. ಸುತ್ತ ನಿಂತವರೆಲ್ಲ ನಕ್ಕರು.

ಉಡುಪಿ ಕಡೆಯ ನಮ್ಮ ಮೇಷ್ಟ್ರು ಬಗ್ಗಿ ನೋಡಿದರು. “ಮೋಸ ಅಲ್ಲ ಮಾರಾಯ, ಅದು ನಮ್ಮ ಹಳೇ ಆಟದ ಕ್ರಮ. ಅದ್ರಲ್ಲಿ ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದು,” ಎಂದು ನನ್ನತ್ತ ತಿರುಗಿದರು. “ಆದ್ರೆ ಈಗ ಪಂದ್ಯದಲ್ಲಿ ಅದು ನಡೆಯುವುದಿಲ್ಲ ಮಗಾ. ರಾಜನನ್ನು ಮುಟ್ಟಿದ್ದೀ, ಅವನನ್ನೇ ಒಂದು ಮನೆ ನಡೆಸಬೇಕು. ಆಟ ಬಿಟ್ಟುಬಿಡ್ತೀಯಾ?”

“ಇಲ್ಲ ಸರ್, ಆಡ್ತೀನಿ,” ಎಂದೆ. ಕಿವಿ ಬಿಸಿಯಾಗಿತ್ತು.

ಆ ಒಂದು ನಡೆಗೆ ನನ್ನ ಆನೆ ಹೋಯಿತು. ಉಳಿದ ಕಾಯಿಗಳನ್ನು ರಾಜನ ಸುತ್ತ ಒತ್ತಾಗಿ ನಿಲ್ಲಿಸಿಕೊಂಡು, ಹಲ್ಲು ಕಚ್ಚಿ ಆಡಿದೆ. ನಕ್ಕವರು ಬಗ್ಗಿ ಹಲಗೆ ನೋಡತೊಡಗಿದರು. ಕೊನೆಗೆ ಹಲಗೆಯ ಮೇಲೆ ಇಬ್ಬರು ರಾಜರಷ್ಟೇ ಉಳಿದರು. ಆಟ ಡ್ರಾ ಆಯಿತು.

“ನಾಳೆಯಿಂದ ಅಭ್ಯಾಸಕ್ಕೆ ಬಾ,” ಎಂದರು ಮೇಷ್ಟ್ರು.

ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿಯ ಮೊರ ಬದಿಗಿಟ್ಟಳು. ಆಮೇಲೆ ತನ್ನ ಬಟ್ಟೆಯ ಪಟ ಹಾಸಿ ಕಾಯಿ ಜೋಡಿಸಿದಳು.

“ಬಾ, ಕೂಡು ಇಲ್ಲೆ. ಆ ಹೊಸಾ ಆಟ ನನಗೂ ಕಲಿಸು. ನಿನ್ನ ಜೋಡಿ ಆಡ್ಲಿಕ್ಕೆ ಮನ್ಯಾಗ ಮತ್ಯಾರಿದ್ದಾರ?”