ಟೈಂಪ್ಲೀಸ್ ಅಂದ ಮೇಲೆ

ಜಿಲ್ಲೆಯ ಮಕ್ಕಳ ಫೋನಿಗೆ ಬರಬೇಕೆಂದರೆ ಯಾವ ಆಟವಾದರೂ ಮೊದಲು ಗದಗಿನ ನಮ್ಮ ವಾರ್ಡ್ ಕಚೇರಿಗೆ ಬಂದು ಒಂದು ಮಗುವಿನ ಜೊತೆ ಆಡಿ ತೋರಿಸಬೇಕು. ಸರ್ಕಾರದ ನಿಯಮ ಒಂದೇ. ಮಗು ‘ಟೈಂಪ್ಲೀಸ್’ ಅಂದ ಮೇಲೆ ಆಟ ಬಾಯಿ ಮುಚ್ಚಿಕೊಂಡು ಕಾಯಬೇಕು, ಓಣಿಯಲ್ಲಿ ಮಕ್ಕಳು ಕಾಯುವ ಹಾಗೆ.

ಈ ಗುರುವಾರ ಬಂದದ್ದು ‘ಚಿನ್ನದ ಜಿಗಿತ’. ಆಡಲು ಕೂತವಳು ಐದನೇ ತರಗತಿಯ ಶಿಫಾ. ಆಟ ಅವಳಿಗೆ ಬಹಳ ಹಿಡಿಸಿತ್ತು. ಕೊನೆಯ ಗೋಡೆ ಹಾರಿದ್ದರೆ ಗೆದ್ದೇಬಿಡುತ್ತಿದ್ದಳು. ಅಷ್ಟರಲ್ಲಿ ಕೈ ಎತ್ತಿ, “ಟೈಂಪ್ಲೀಸ್. ನೀರು ಕುಡದು ಬರ್ತೀನಿ,” ಎಂದಳು.

ಆಟ ಸುಮ್ಮನಾಯಿತು. ಅವಳು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೆಲ್ಲಗೆ ಕರೆಯಿತು: “ಶಿಫಾ, ಇನ್ನೊಂದೇ ಗೋಡೆ. ಈಗ ಹೋದರೆ ಗೆದ್ದದ್ದೆಲ್ಲ ಹೋಗುತ್ತದೆ, ಪುಟ್ಟಾ.”

ಶಿಫಾ ತಿರುಗಿ ನಿಂತಳು. ಹಾರಲು ಕೈ ತುರಿಸುತ್ತಿತ್ತು.

“ಔಟ್,” ಎಂದಳು.

ಕಂಪನಿಯ ವಕೀಲರು ಎದ್ದರು. “ಒಂದು ಮಾತಿಗೆ ಔಟ್ ಅಂದ್ರ ಹೆಂಗವಾ? ಮಕ್ಕಳ ಆಟದಾಗ ಸರ್ಕಾರ ಯಾಕ ಕೈ ಹಾಕಬೇಕ್ರಿ, ಸಾಹೇಬ್ರ?”

“ಸರ್ಕಾರ ಬರೇ ಕುರ್ಚಿ ಹಾಕೇತ್ರಿ. ತೀರ್ಪು ಆಕೀದು,” ಎಂದು ಅಧಿಕಾರಿ ಮೈಲಾರಪ್ಪ ಮುದ್ರೆ ಒತ್ತಿದರು. ಇಡೀ ಜಿಲ್ಲೆಯ ಮಕ್ಕಳ ಫೋನುಗಳಲ್ಲಿ ‘ಚಿನ್ನದ ಜಿಗಿತ’ಕ್ಕೆ ಬಾಗಿಲು ಮುಚ್ಚಿತು.

ಶಿಫಾ ನೀರು ಕುಡಿದು ಓಣಿಗೆ ಓಡಿದಳು. ಅಲ್ಲಿ ಮುಟ್ಟಾಟ ಜೋರಾಗಿತ್ತು. ಎಲ್ಲರಿಗಿಂತ ಚಿಕ್ಕವನಾದ ಬಸು ಇನ್ನೇನು ಸಿಕ್ಕಿಬೀಳುವುದರಲ್ಲಿದ್ದ. ಜಾರುವ ಚಡ್ಡಿ ಹಿಡಿದುಕೊಂಡು “ಟೈಂಪ್ಲೀಸ್” ಅಂದ. ಓಡುತ್ತಿದ್ದ ಇಡೀ ಓಣಿ ನಿಂತಲ್ಲೇ ನಿಂತಿತು, ಅವನು ಲಾಡಿ ಕಟ್ಟಿ ಮುಗಿಸುವ ತನಕ.