ಎಡ ಹೆಗಲಿನ ಸೆರಗು

ಆಕಾಶದಿಂದ ಇಳಿದ ಆ ಬೆಳಕು ನಮ್ಮೂರಲ್ಲಿ ಮೊದಲು ಎತ್ತಿಕೊಂಡು ಹೋದದ್ದು ನೀಲವ್ವನನ್ನು. ಮಗಳು ರಾಚವ್ವ ಕೊಟ್ಟ ದೂರನ್ನು ಪೊಲೀಸರು ನಂಬಲಿಲ್ಲ. ಆಮೇಲೆ ಅದು ರಾಚವ್ವನೂ ಸೇರಿ ಊರವರನ್ನೆಲ್ಲ ಒಯ್ದು, ವಾರದೊಳಗೆ ತಂದುಬಿಟ್ಟಿತು. ನೀಲವ್ವ ಮರಳಿದ್ದು ಮಾತ್ರ ಹನ್ನೊಂದು ವರ್ಷದ ಮೇಲೆ, ಇವತ್ತು ಬೆಳಿಗ್ಗೆ.

ನಮ್ಮೂರ ಆಸ್ಪತ್ರೆಯ ನರ್ಸ್ ರೂಢಿಯಂತೆ ಅವಳ ಬಲ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಏನೂ ಕೇಳಿಸಲಿಲ್ಲ. ಎಡಕ್ಕೆ ಸರಿಸಿದಳು.

"ಇಲ್ಲಿ ಬಡಕೊಳ್ಳಾಕತ್ತೈತಿ! ಊರಾಗ ಯಾರಿಗೂ ಹಿಂಗಿಲ್ಲ."

"ಇರಲಿ ಬಿಡ್ರಿ ಅಕ್ಕಾರ, ನಮ್ಮವ್ವ ಬಂದಾಳಲ್ಲ, ಸಾಕು," ಎನ್ನುತ್ತ ರಾಚವ್ವ ತಾಯಿಯ ಎಡ ಹೆಗಲಿನ ಸೆರಗನ್ನು ಪ್ರೀತಿಯಿಂದ ಬಲಕ್ಕೆ ಹೊದಿಸಹೋದಳು.

ನೀಲವ್ವ ಸೆರಗನ್ನು ಬಿಗಿಹಿಡಿದಳು. ಮಗಳ ಸೆರಗನ್ನು ನೋಡಿದಳು. ಕಿಟಕಿಯಾಚೆ ಹೊರಟಿದ್ದ ಹೆಂಗಸರ ಸೆರಗುಗಳನ್ನೂ ನೋಡಿದಳು. ಎಲ್ಲರದ್ದೂ ಬಲ ಹೆಗಲ ಮೇಲೇ.

ಗೋಡೆಗೆ ಒತ್ತಿಕೊಂಡು, ರಾಚವ್ವನಿಗೇ ಕೈಮುಗಿದಳು.

"ನನ್ನ ಮಗಳನ್ನ ಯಾವಾಗ ತಂದು ಬಿಡ್ತೀರಿ?"