ಶೇಕಡಾ ಒಂಬತ್ತು

“ಶೇಕಡಾ ಒಂಬತ್ತು” ಎಂದಳು ಭುವನೇಶ್ವರಿ.

ಸುಳ್ಳು. ಒಂಬತ್ತು ಅವಳದೇ ಅಂಕಿ. ಎದುರಿಗೆ ಕೂತ ಸಮ್ರೀನಳದು ಎಂಬತ್ತೆರಡು. ಎರಡನ್ನೂ ಹಿಂದಿನ ದಿನವೇ ಲೆಕ್ಕ ಹಾಕಿ, ಆ ಹಾಳೆಯನ್ನು ಹರಿದು ಒಲೆಗೆ ಹಾಕಿ ಬಂದಿದ್ದಳು.

ಸಮ್ರೀನ್ ನಂಬಿದಳು. ಭುವಿಯ ಲೆಕ್ಕ ತಪ್ಪಿದ್ದುಂಟೇ? ವಾಡಿಯ ಪಿಯು ಕಾಲೇಜಿನಲ್ಲಿ ಯಾರಿಗೆ ಯಾವ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕೀತು ಎಂದು ಹೇಳುವವಳು ಅವಳೇ. ಐದು ವರ್ಷಗಳ ಕಟ್‌ಆಫ್ ಅವಳಿಗೆ ಬಾಯಿಪಾಠ. ರ‍್ಯಾಂಕು ಹೇಳಿದರೆ ಸಾಕು, ಶೇಕಡಾ ಎಷ್ಟು ಆಸೆ ಇಟ್ಟುಕೊಳ್ಳಬಹುದೆಂದು ಹೇಳಿಬಿಡುತ್ತಿದ್ದಳು. ಹುಡುಗರು ಅವಳನ್ನು ‘ಪಂಚಾಂಗ’ ಎಂದೇ ಕರೆಯುತ್ತಿದ್ದರು.

ಬೆಂಗಳೂರಿನ ಆ ವಿಶ್ವವಿದ್ಯಾಲಯದ ಜೈವಿಕ ತಂತ್ರಜ್ಞಾನದ ಕೋರ್ಸಿನಲ್ಲಿ ಕಲಬುರಗಿ ಸೀಮೆಯ ಮಕ್ಕಳಿಗೆಂದು 371(ಜೆ) ಮೀಸಲಿನಡಿ ಕಳೆದ ವರ್ಷ ಇದ್ದದ್ದು ಒಂದೇ ಸೀಟು. ಭುವನೇಶ್ವರಿಗೆ ಬೇಕಾದದ್ದು ಅದೊಂದೇ. ಎಂಟನೆಯ ತರಗತಿಯಲ್ಲಿ, ಶಾಲೆಗೆಲ್ಲ ಒಂದೇ ಇದ್ದ ಸೂಕ್ಷ್ಮದರ್ಶಕದಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ನೋಡಿದ ದಿನದಿಂದ ಅವಳ ಕಣ್ಣಿಗೆ ಬೇರೇನೂ ಹತ್ತಿರಲಿಲ್ಲ. ದಾರಿಗೆ ಅಡ್ಡ ನಿಂತವಳು ಒಬ್ಬಳೇ, ಇಪ್ಪತ್ತೇಳು ರ‍್ಯಾಂಕು ಮುಂದೆ. ಅವಳು ಸಮ್ರೀನ್.

ಈ ಅಡ್ಡ ಇಂದಿನದಲ್ಲ. ಭುವನೇಶ್ವರಿ ಶಹಾಬಾದಿನ ಟ್ಯೂಷನ್ನಿಗೆ ಹೊರಡಲಿ, ಮೀಸಲಿನ ಪ್ರಮಾಣಪತ್ರ ತರಲು ಸೇಡಂಗೆ ಹೊರಡಲಿ, ಅವಳ ಅಪ್ಪ ಗುರುಲಿಂಗಯ್ಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ ಮಾತು: “ಸಮ್ರೀನ್ ಎಲ್ಲಿ?” ಸಿಮೆಂಟ್ ಕಾರ್ಖಾನೆಯ ಆ ಗುಮಾಸ್ತನಿಗೆ ಹೆತ್ತ ಮಗಳಿಗಿಂತ ಪಕ್ಕದ ಓಣಿಯವಳ ಮೇಲೆಯೇ ಭರವಸೆ. ಭುವನೇಶ್ವರಿಗೆ ಅದನ್ನು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

“ಒಂಬತ್ತಂದ್ರ ಆಗೂದಿಲ್ಲ ಬಿಡು” ಎಂದಳು ಸಮ್ರೀನ್. “ನಿಂದೆಷ್ಟು?”

“ನಂದೂ ಅಷ್ಟ. ನನಗ ಕಲಬುರಗಿ ಸೀಟು ಬ್ಯಾಡ, ಅದಕ್ಕ ಬೆಂಗಳೂರು ಒಂದೇ ಇಡ್ತೀನಿ. ನೀ ಮಾತ್ರ ಬೆಂಗಳೂರು ಆಪ್ಶನ್ ತಗದುಬಿಡು. ಸಿಗದ್ದು ಮ್ಯಾಲಿಟ್ರ ಕಲಬುರಗಿ ಸೀಟೂ ಕೈ ಬಿಡ್ತದ.”

ಇದೂ ಸುಳ್ಳೇ. ಆದರೆ ಊರಲ್ಲಿ ಅರ್ಧ ಜನ ನಂಬಿದ್ದ ಸುಳ್ಳು.

“ಅಕಸ್ಮಾತ್ ನಿನಗ ಸಿಕ್ತು ಅಂದ್ರ, ನಾ ಇಲ್ದ ನೀ ಹ್ಯಾಂಗ ಹೋಗ್ತಿ?”

“ರೈಲಿನಾಗ.” ಭುವನೇಶ್ವರಿ ನಕ್ಕಳು.

ಸಮ್ರೀನ್ ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದವಳು, ಅದನ್ನು ಬಿಟ್ಟು ಮೊಬೈಲನ್ನು ಮುಂದಕ್ಕೆ ಸರಿಸಿದಳು. “ನೀನೇ ತುಂಬಿಬಿಡು.”

ಅಷ್ಟರಲ್ಲಿ ಸಮ್ರೀನಳ ತಾಯಿ ಖುರ್ಷಿದಬೇಗಂ ಬಜ್ಜಿಯ ತಾಟು ತಂದಿಟ್ಟರು. “ಇನ್ನೂ ಲೆಕ್ಕಾನೇ ಮಾಡಲಿಕತ್ತೀರೇನು? ನಮಗ ಇದೆಲ್ಲ ತಿಳಿಯಂಗಿಲ್ಲವ್ವಾ. ಈಕಿನ್ನ ನಿನ್ನ ಕೈಯಾಗ ಹಾಕೀವಿ ನೋಡು.”

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಭುವನೇಶ್ವರಿ ಉಣ್ಣುತ್ತಲೇ ಬಗೆದಳು. ಎಡಗೈಯಲ್ಲಿ ಬಜ್ಜಿ, ಬಲಗೈ ಬೆರಳಲ್ಲಿ ಗೆಳತಿಯ ಬೆಂಗಳೂರು. ಅಳಿಸಿದಳು, ಉಳಿಸಿದಳು, ಲಾಕ್ ಮಾಡಿದಳು. ಖಾರ ಹತ್ತಿತೆಂದು ನೀರು ಕೇಳಿ ಕುಡಿದಳು.

ಆಮೇಲಿನ ದಿನಗಳು ಕೆಟ್ಟವು. ಯಾರು ಕರೆದರೂ ಕೇಳಿಸದವಳಂತೆ ಮುಂದೆ ಹೋಗುತ್ತಿದ್ದಳು. ಒಂದು ದಿನ ಸ್ಟೇಷನ್ ರಸ್ತೆಯಲ್ಲಿ ಸಮ್ರೀನಳ ಅರ್ಜಿ ಪ್ರಿಂಟ್ ಮಾಡಿಕೊಟ್ಟಿದ್ದ ಆನ್‌ಲೈನ್ ಸೆಂಟರಿನ ಫೈಜಾನ್ ತಡೆದ. “ಸಮ್ರೀನ್ ಬೆಂಗಳೂರು ಯಾಕ ಹಾಕಿಲ್ಲ? ಆಕಿ ರ‍್ಯಾಂಕಿಗೆ ಬರ್ತಿತ್ತಲ್ಲ?”

“ಅವರ ಮನ್ಯಾಗ ಬ್ಯಾಡಂದ್ರು.”

ಫೈಜಾನ್ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ತಿರುಗಿ ನೋಡದೆ ನಡೆದಳು. ಒಂದು ಸುಳ್ಳು ಉಳಿಯಬೇಕೆಂದರೆ ಅದಕ್ಕೆ ಇನ್ನೆಷ್ಟು ಸುಳ್ಳು ಬೇಕೋ ಎಂದು ಮೊದಲ ಸಲ ಹೆದರಿದಳು.

ಒಂದು ವಿಷಯದಲ್ಲಿ ಮಾತ್ರ ನೆಮ್ಮದಿಯಿತ್ತು. ಅಪ್ಪನ ಒಪ್ಪಿಗೆ ಯುಗಾದಿಗೆ ಮುಂಚೆಯೇ ಸಿಕ್ಕಿತ್ತು. ಕೇಳುವ ಮೊದಲೇ ತಾನಾಗಿ ಹೇಳಿದ್ದ: “ಬೆಂಗಳೂರಾದ್ರೂ ಆಗಲಿ, ಓದಲಿಕ್ಕ ಹೋಗು.” ಭುವಿಯ ಅಕ್ಕನನ್ನು ಪಕ್ಕದ ರಾವೂರಿನ ತನಕವೂ ಒಬ್ಬಳನ್ನೇ ಬಿಡದಿದ್ದ ಮನುಷ್ಯ! ಎಲ್ಲ ತನ್ನ ಅಂಕಗಳ ಮಹಿಮೆ ಎಂದುಕೊಂಡು ಭುವನೇಶ್ವರಿ ಅಂದು ಬೀಗಿದ್ದಳು.

ಪಟ್ಟಿ ಬಂತು. ಬೆಂಗಳೂರಿನ ಸೀಟಿನ ಎದುರು ಅವಳದೇ ಹೆಸರು.

ಅದರ ಕೆಳಗೆ ಇನ್ನೊಂದು ಹೆಸರಿತ್ತು. ಈ ವರ್ಷ ಸೀಟು ಎರಡಾಗಿದ್ದವು. ಎರಡನೆಯದು ಬೀದರ ಕಡೆಯ ಯಾವನೋ ಹುಡುಗನಿಗೆ ಹೋಗಿತ್ತು, ಅವಳಿಗಿಂತ ಮುನ್ನೂರು ರ‍್ಯಾಂಕು ಹಿಂದಿದ್ದವನಿಗೆ. ಪಂಚಾಂಗ ತಪ್ಪಿತ್ತು. ಏನೂ ಮಾಡದೆ ಸುಮ್ಮನಿದ್ದಿದ್ದರೆ ಇಬ್ಬರಿಗೂ ಸಿಗುತ್ತಿತ್ತು. ಭುವನೇಶ್ವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೆ ಸೀಟು ಸೀಟೇ. ಕಣ್ಣೊರೆಸಿಕೊಂಡು, ಪಟ್ಟಿಯ ಪ್ರತಿ ಹಿಡಿದು ಮನೆಗೆ ಓಡಿದಳು.

ಗುರುಲಿಂಗಯ್ಯ ಕಟ್ಟೆಯ ಮೇಲೆ ಕೂತಿದ್ದ. ಕಾಗದವನ್ನು ಎರಡು ಸಲ ಓದಿ ಹಣೆಗೆ ಒತ್ತಿಕೊಂಡ. ಒಳಗಿದ್ದ ಹೆಂಡತಿ ಲಲಿತಾಬಾಯಿಯನ್ನು ಕೂಗಿ ಸಕ್ಕರೆ ತರಿಸಿದ. ಅವನ ಕಣ್ಣು ತುಂಬಿದ್ದವು.

“ಭಾಳ ಛಲೋ ಆತು. ಸಮ್ರೀನಂದು ಎಷ್ಟನೇ ನಂಬರಿನಾಗ ಅದ? ಹೆಸರೇ ಕಾಣವಲ್ದು.”

“ಆಕಿದು ಕಲಬುರಗಿ ಆಗ್ಯದಪ್ಪಾ. ಬೆಂಗಳೂರು ಹಾಕೇ ಇಲ್ಲ ಆಕಿ.”

ಸಕ್ಕರೆಯ ಕೈ ಅವಳ ಬಾಯಿಯ ತನಕ ಬಂದು ನಿಂತಿತು. ಗುರುಲಿಂಗಯ್ಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ.

“ಹಂಗಾದ್ರ ನೀನೂ ಹೋಗೂದು ಬ್ಯಾಡವ್ವಾ. ‘ಕಾಕಾ, ಭುವಿ ಒಬ್ಬಾಕಿ ಆಗಂಗಿಲ್ಲ, ನಾ ಸಂಗಾಟ ಇರ್ತೀನಿ, ಆಕಿಗಿ ಮಾತ್ರ ಹೇಳಬ್ಯಾಡ್ರಿ’ ಅಂತ ಸಮ್ರೀನ್ ಮೂರು ದಿನ ಇದೇ ಕಟ್ಟಿ ಮ್ಯಾಲ ಕುಂತು ಬೇಡಿಕೊಂಡಿದ್ಲು. ಆಕಿ ಮಾತಿಗಿ ನಾ ಹೂಂ ಅಂದಿದ್ದೆ.”